ದೊಡ್ಡಮ್ಮನಿಗೆ ಬಂದ ಸನ್ಮಾನ

ನೋವಿನ ಮುಲಾಮಿನ ವಾಸನೆ ಮೂಗಿಗೆ ಬಡಿದಾಗಲೆಲ್ಲ ದೇವರಾಯಸಮುದ್ರದ ಆ ಮಧ್ಯಾಹ್ನ ಈಗಲೂ ನೆನಪಾಗುತ್ತದೆ.

ಹೆಣ್ಣುಮಕ್ಕಳು ಚಡ್ಡಿ ಹಾಕಿಕೊಂಡು ಆಡುವುದೇ ತಪ್ಪು ಎನ್ನುತ್ತಿದ್ದ ನಮ್ಮೂರಿನಲ್ಲಿ, ಮನೆಮನೆಗೆ ಹೋಗಿ ಹೆತ್ತವರನ್ನು ಒಪ್ಪಿಸಿ ಹುಡುಗಿಯರ ಕಬಡ್ಡಿ ತಂಡ ಕಟ್ಟಿದವರು ನನ್ನ ದೊಡ್ಡಮ್ಮ. ಅಂದು ಜಗಲಿಯ ಮೇಲೆ ಕೂತು, ತಮ್ಮ ಒರಟು ಅಂಗೈಯಿಂದ ನನ್ನ ಊದಿದ ಮಂಡಿಗೆ ಮುಲಾಮು ತಿಕ್ಕುತ್ತಿದ್ದರು. ಆಗ ಮುಳಬಾಗಿಲಿನಿಂದ ಕ್ರೀಡಾ ಸಂಘದವರು ಇಬ್ಬರು ಕಾರಿನಲ್ಲಿ ಬಂದರು.

"ಅಕ್ಕಾ, ನಿಮ್ಮ ಜೀವಮಾನದ ಸಾಧನೆಗೆ ಸನ್ಮಾನ ಮಾಡ್ತೀವಿ," ಎಂದು ಹಿರಿಯವನು ಜರಿಯಂಚಿನ ಶಾಲನ್ನು ಮುಂದಿಟ್ಟ. ಬಾಯಲ್ಲಿ ನಗುವಿತ್ತು, ಕಣ್ಣು ಮಾತ್ರ ನಾವು ಕಬಡ್ಡಿ ಆಡುತ್ತಿದ್ದ ಎದುರಿನ ಮೈದಾನದ ಮೇಲಿತ್ತು.

ದೊಡ್ಡಮ್ಮ ಸಂತೆಯಲ್ಲಿ ಬಟ್ಟೆ ನೋಡುವವರಂತೆ ಶಾಲಿನ ಅಂಚನ್ನು ಬೆರಳಲ್ಲಿ ಉಜ್ಜಿದರು. "ಇಷ್ಟು ದಿನ ಇಲ್ದಿದ್ದು ಈಗ್ಯಾಕಪ್ಪಾ?"

"ವಯಸ್ಸಾಯ್ತಲ್ಲ ಅಕ್ಕಾ, ಇನ್ನು ರೆಸ್ಟ್ ತಗೊಳ್ಳಿ."

"ನಾನು ರೆಸ್ಟ್ ತಗೊಂಡ್ರೆ ಮೈದಾನ ಯಾರು ನೋಡ್ಕೋತಾರೆ?"

ಇಬ್ಬರೂ ಮುಖ ಮುಖ ನೋಡಿಕೊಂಡರು. ಕಿರಿಯವನು ಕೆಮ್ಮಿ, "ಅಲ್ಲಿ ಅಂಗಡಿಗಳು ಬರೋ ಮಾತಿದೆ. ಹುಡುಗೀರಿಗೆ ಬೇರೆ ಜಾಗ ಕೊಡ್ತೀವಿ," ಎಂದ.

"ಎಲ್ಲಿ?"

"ನೋಡೋಣ ಅಕ್ಕಾ."

ದೊಡ್ಡಮ್ಮ ಶಾಲನ್ನು ನೀಟಾಗಿ ಮಡಿಸಿ ಹಿರಿಯವನ ಕೈಗೇ ಕೊಟ್ಟರು. "ಸನ್ಮಾನ ಆ ಮೈದಾನದಲ್ಲೇ ಮಾಡಿ. ಹುಡುಗೀರು ಆಡ್ತಾ ಇರ್ಬೇಕು, ಊರೋರೆಲ್ಲ ನೋಡ್ತಾ ಇರ್ಬೇಕು. ಆಗ ಹೊದ್ಕೋತೀನಿ."

ಕಾರು ಹೊರಟುಹೋಯಿತು. ದೊಡ್ಡಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಸುಣ್ಣದ ಪುಡಿಯ ಬಕೆಟ್ ಎತ್ತಿಕೊಂಡು ಮೈದಾನಕ್ಕೆ ನಡೆದರು. ನಾನು ಕುಂಟುತ್ತ ಹಿಂದೆಯೇ ಹೋದೆ.

"ಇವತ್ತು ಗೆರೆ ದಪ್ಪಗೆ ಎಳಿಬೇಕು ಕಣೇ," ಎಂದರು. "ರಸ್ತೇಲಿ ಹೋಗೋರಿಗೂ ಕಾಣ್ಲಿ."