ಮೂರನೇ ನಂಬರ್

ತಪ್ಪು ನನ್ನದೇ. ಹಿಂದೂಪುರದ ನಮ್ಮ ಬೀದಿಯ ಟೈಲರ್ ಸರೋಜಕ್ಕ ಕಲ್ಯಾಣದುರ್ಗದಿಂದ ಹುಡುಕಿ ತಂದಿದ್ದ ಹಳೇ ಕಾಮಿಕ್ಸ್ ಪುಸ್ತಕವನ್ನು ಓದಲು ಈಸಿಕೊಂಡವನು, ಓದುವುದು ಬಿಟ್ಟು ಗೆಳೆಯರ ಮುಂದೆ ಅವಳನ್ನೇ ಅಣಕಿಸುತ್ತಾ ಅದರ ಮುಖಪುಟ ಹರಿದುಹಾಕಿದೆ. ಆಮೇಲೆ ಮೈದಾ ಅಂಟು ಕಲಸಿ ಅದನ್ನು ಮತ್ತೆ ಅಂಟಿಸಿದೆ.

ಅವಳು ಪ್ರತಿ ಪುಸ್ತಕವನ್ನೂ ಮೂಸಿ, ಪಿನ್ನಿನ ತುಕ್ಕು ನೋಡಿ, ಬೆಳಕಿಗೆ ಹಿಡಿದು ನಂಬರ್ ಹಾಕುತ್ತಿದ್ದಳು: ಒಂದು ಎಂದರೆ ಹೊಸದರಂತಿದೆ, ಮೂರು ಎಂದರೆ ಹಾಳಾಗಿದೆ. ಒಂದನೇ ನಂಬರಿನದನ್ನು ಮೂರಕ್ಕೆ ಇಳಿಸಿ ತಂದವನಿಗೆ ಮತ್ತೆಂದೂ ಪುಸ್ತಕವಿಲ್ಲ.

ಅಂದು ಮಧ್ಯಾಹ್ನ, ಅಂಟು ಹಚ್ಚಿದ ಪುಸ್ತಕವನ್ನು ಕೊಟ್ಟೆ. ಹೊಲಿಗೆ ಮಿಷನ್ನು ನಿಂತಿತು. ಅವಳು ಮೂಸಿದಳು.

"ನನ್ನಂಗೇ ಮಾತಾಡ್ತೀಯಂತಲ್ಲ? ಏದೀ, ಎಲ್ಲಿ, ನನ್ನಂಗೇ ನಂಬರ್ ಹಾಕು ನೋಡಾನ."

'ಒಂದು' ಎಂದು ತಪ್ಪಿಸಿಕೊಳ್ಳಬೇಕೆಂದಿದ್ದೆ. ಆದರೆ ಅವಳ ಹಾಗೆ ಹುಬ್ಬು ಗಂಟಿಕ್ಕಿ, ಅವಳ ಮೂಗುದನಿ ತೆಗೆದದ್ದೇ, ಸುಳ್ಳು ಹೊರಡಲೇ ಇಲ್ಲ.

"ಅಂಟು ಹಾಕವ್ರೆ ಕಣಪ್ಪ, ಮೂರ್ನೇ ನಂಬರ್ರು!"

ಸರೋಜಕ್ಕ ಪುಸ್ತಕವನ್ನು ಟ್ರಂಕಿಗೆ ಹಾಕಿ ಬೀಗ ಜಡಿದಳು.

"ನಾನಾಗಿದ್ರೆ ಎರಡ್ನೇದು ಹಾಕ್ತಿದ್ದೆ ಕಣ್ಲಾ. ನೀನೇ ನಾನಾಗಿ ಮೂರು ಅಂದ್ಬುಟ್ಟೆ, ಇನ್ ಹೋಗು."