ಬಂಡೆಯನ್ನೂ ಕೂಡಿಕೊಂಡ ಚಕ್ರ

ಹೊಲಿಗೆ ಮಿಷನ್ನಿನ ಎಣ್ಣೆ ವಾಸನೆ ಬಂದರೆ ಈಗಲೂ ಭೀಮನಬೀಡಿನ ನಮ್ಮ ಜಗಲಿ ನೆನಪಾಗುತ್ತದೆ. ಅಪ್ಪನಿಗೂ ಚಿಕ್ಕಪ್ಪನಿಗೂ ಹೊಲ ಪಾಲಾದ ಮಧ್ಯಾಹ್ನ ಅದು. ಸರ್ವೆಯವನು ನಕ್ಷೆ ಹಾಸಿ, ನಕ್ಷೆಯ ಮೇಲೇ ವಿಸ್ತೀರ್ಣ ಅಳೆಯುವ, ಅದೇ ವಾಸನೆಯ ಹಿತ್ತಾಳೆ ಯಂತ್ರ ಇಟ್ಟ. ಅದರ ಸೂಜಿಮೊನೆಯನ್ನು ಒಂದೊಂದು ಪಾಲಿನ ಗೆರೆಯ ಮೇಲೂ ಸುತ್ತ ಎಳೆದ. ಪುಟ್ಟ ಚಕ್ರ ಉರುಳಿತು. ಅದರ ಅಂಕಿ ನೋಡಿ, “ಎರಡೂ ಸಮ” ಎಂದ.

“ಒಲಕ್ಕೆ ಕಾಲೇ ಇಕ್ದೆ ಅಳ್ದ್‌ಬುಟ್ರಾ ಸ್ವಾಮಿ?” ಅವ್ವ ಕೇಳಿದಳು. “ನಮ್ ಪಾಲಲ್ಲಿ ಅರ್ಧಕ್ಕರ್ಧ ಬಂಡೆನೇ ಅದೆ. ಅದ್ನೂ ಕೂಡ್ಕತಾ?”

“ಗೆರೆ ಒಳಗಿರದ್ನೆಲ್ಲ ಕೂಡ್ಕತದೆ ಕಣಮ್ಮ. ಚಕ್ರಕ್ಕೆ ಬಂಡೆ ಯಾವ್ದು, ಮಣ್ಣು ಯಾವ್ದು ಗೊತ್ತಾದದಾ?”

“ಸುಮ್ಕಿರು, ತಮ್ಮ ಅಲ್ವಾ,” ಎಂದು ಅಪ್ಪ ಹೆಬ್ಬೆಟ್ಟು ಒತ್ತಿದ.

ಆ ಬಂಡೆಯ ಮೇಲೆ ಅವ್ವ ಸಾಯುವ ತನಕ ಹುರುಳಿ ಬಡಿದಳು. ಚಿಕ್ಕಪ್ಪನ ಮನೆಯವರೂ ರಾಗಿ ಒಣಗಿಸಲು ಅಲ್ಲಿಗೇ ಬರುತ್ತಿದ್ದರು. ಅವ್ವ ಜಾಗ ಬಿಡುತ್ತಿದ್ದಳು, ಮಾತಾಡುತ್ತಿರಲಿಲ್ಲ.