ಚೀಟಿಯಲ್ಲಿದ್ದ ಸಾತವ್ವ

ಇಂಡಿ ರೋಡ್ ಸ್ಟೇಶನ್ನಿನ ಖಿಡಕಿಯಿಂದ ಅಮೋಘಸಿದ್ಧ ಒಂದೇ ಟಿಕೀಟು ತೆಗೆಸಿಕೊಂಡು ಬಂದ. ಬೇವಿನ ಗಿಡದ ಕೆಳಗೆ, ಸೋಲಾಪುರಕ್ಕೆ ಹೋಗಬೇಕಾದ ನಿಂಬೆಹಣ್ಣಿನ ಬುಟ್ಟಿಗಳ ಪಕ್ಕ, ಬುತ್ತಿಗಂಟು ಹಿಡಿದು ಕೂತಿದ್ದ ಹೆಂಡತಿ ಸಾತವ್ವ ಮೊದಲು ಅವನ ಕೈ ನೋಡಿದಳು, ಆಮೇಲೆ ಮುಖ ನೋಡಿದಳು.

"ನಂದೆಲ್ಲೈತ್ರಿ?"

ಅಮೋಘಸಿದ್ಧ ಬೀಡಿ ಹಚ್ಚಿದ. ಎಪ್ಪತ್ತೆರಡರ ಬರದಲ್ಲಿ ಊರು ಬಿಟ್ಟು ಸೋಲಾಪುರದ ಬಟ್ಟೆ ಮಿಲ್ಲು ಸೇರಿದವನು, ಇದು ಐದನೇ ವರ್ಷ. ಪಗಾರ ಕೊಡುವಾಗಲೆಲ್ಲ ವಿಮೆಗೆಂದು ಒಂದಿಷ್ಟು ಹಿಡಿಯುತ್ತಾರೆ. ಅದಕ್ಕೆ ಪ್ರತಿಯಾಗಿ ಗಂಡ ಹೆಂಡತಿ ಇಬ್ಬರ ಹೆಸರೂ ಇರುವ ಒಂದು ಚೀಟಿ ಕೊಟ್ಟಿದ್ದಾರೆ. ತೋರಿಸಿದರೆ ಅಲ್ಲಿನ ವಿಮೆ ದವಾಖಾನೆಯಲ್ಲಿ ಎಲ್ಲವೂ ಪುಕ್ಕಟೆ. ಮದುವೆಯಾಗಿ ಹನ್ನೊಂದು ವರ್ಷವಾದರೂ ಮಕ್ಕಳಾಗದ ಸಾತವ್ವನಿಗೆ ಈ ಚೀಟಿಯ ಮೇಲೆ ಬಲು ಭರವಸೆ. ಇಂಥದ್ದನ್ನೇ ನೋಡುವ ಡಾಕ್ಟರಬಾಯಿ ಅಲ್ಲಿದ್ದಾಳೆ ಎಂದು ಇಂಡಿಯ ನರ್ಸಬಾಯಿ ಹೇಳಿದ ಮೇಲೆ, ಜೋಳದ ರಾಶಿ ಮುಗಿಯುವವರೆಗೆ ಕಾದು, ಅತ್ತೆಯ ಗೊಣಗಾಟವನ್ನೆಲ್ಲ ಕೇಳಿಸಿಕೊಂಡು, ಇವತ್ತು ಹೊರಟು ಬಂದಿದ್ದಳು.

ಚಕ್ಕಡಿಯಲ್ಲಿ ಬರುವಾಗ ದಾರಿಯುದ್ದಕ್ಕೂ ಅವನದು ಒಂದೇ ರಾಗ. ಈ ತಿಂಗಳು ಮಿಲ್ಲು ಬಿಡುತ್ತಾನಂತೆ, ಪವರ್‌ಲೂಮಿನ ಶೆಡ್ಡು ಸೇರುತ್ತಾನಂತೆ. ಅಲ್ಲಿ ಚೀಟಿಯೂ ಇಲ್ಲ, ಹಿಡಿಯುವುದೂ ಇಲ್ಲ, ದುಡಿದಷ್ಟೂ ಕೈಗೆ. ಇಂಡಿಯವರು ಬೆವರು ಸುರಿಸಿ ಮಹಾರಾಷ್ಟ್ರದ ದವಾಖಾನೆ ಯಾಕೆ ನಡೆಸಬೇಕು? ಮುದುಕನಾದ ಮೇಲೆ ತಾನೇನು ಅಲ್ಲಿ ಇರುವವನೇ? ಐದು ವರ್ಷದಲ್ಲಿ ತಾನು ಒಂದು ಜ್ವರದ ಗುಳಿಗೆಯನ್ನಾದರೂ ತಿಂದಿದ್ದೇನೆಯೇ? ಮಾತೇನೋ ಸರಿಯಾಗಿಯೇ ಇತ್ತು. ಆದರೆ ಐದು ವರ್ಷ ಸುಮ್ಮನಿದ್ದವನಿಗೆ, ಹೆಂಡತಿ ದವಾಖಾನೆಗೆ ಹೊರಟ ದಿನವೇ ಈ ಬುದ್ಧಿ ಬಂದದ್ದು ಸಾತವ್ವನಿಗೆ ಹಿಡಿಸಲಿಲ್ಲ.

"ಬಿಡೂದಿದ್ರ ಮುಂದಿನ ತಿಂಗಳ ಬಿಡ್ರಿ. ಇವತ್ತ ಚೀಟಿ ಐತೆಲ್ಲ, ತೋರಿಸಿ ಬರೂಣು."

"ಬ್ಯಾಡ. ಡಾಕ್ಟರಬಾಯಿ ನೋಡಿದ್ರ, ನೀ ಹಡದಾಕಿ ಅಲ್ಲಂತ ಒಂದ ಸರ್ತಿಗೆ ಗೊತ್ತಾಗ್ತೈತಿ."

"ಅದನ್ನ ತೋರಸಾಕ ಅಲ್ಲೇನ್ರಿ ನಾ ಹೊಂಟಿದ್ದು?"

ಬೀಡಿ ಯಾವಾಗಲೋ ಆರಿಹೋಗಿತ್ತು. ಅಮೋಘಸಿದ್ಧ ನೆಲ ನೋಡುತ್ತಲೇ ಹೇಳಿದ. ಸೋಲಾಪುರದಲ್ಲಿ ಅವನಿರುವ ಕೂಲಿಕಾರರ ಚಾಳಿನಲ್ಲಿ ಪಕ್ಕದ ಖೋಲಿ ತಾಳಿಕೋಟೆ ಕಡೆಯ ಜನ್ನತಬಿಯದು. ಅವಳ ಗಂಡ ಪವರ್‌ಲೂಮಿನವನು, ಚೀಟಿ ಇಲ್ಲದವನು. ಹೋದ ವರ್ಷ ದೀಪಾವಳಿಯ ಹೊತ್ತಿಗೆ ಎರಡು ದಿನ ನೋವು ತಿಂದರೂ ಜನ್ನತಬಿಗೆ ಹೆರಿಗೆಯಾಗಲಿಲ್ಲ, ಕೈಕಾಲು ತಣ್ಣಗಾಗತೊಡಗಿದವು. ಹತ್ತಿರದಲ್ಲಿದ್ದದ್ದು ವಿಮೆಯ ದವಾಖಾನೆ ಒಂದೇ. ಚೀಟಿಯ ಮೇಲೆ ಫೋಟೋ ಇರಲಿಲ್ಲ. ಚಾಳಿನ ಹೆಂಗಸರು ಜನ್ನತಬಿಯ ಹಣೆಗೆ ಕುಂಕುಮ ಹಚ್ಚಿ ಟಾಂಗಾ ಹತ್ತಿಸಿದರು, ಅಮೋಘಸಿದ್ಧ ಚೀಟಿ ಹಿಡಿದು ಮುಂದೆ ಕೂತ. ಹೊಟ್ಟೆ ಕೊಯ್ದು ಕೂಸು ತೆಗೆದರು, ತಾಯಿಯೂ ಉಳಿದಳು. ದವಾಖಾನೆಯ ದಫ್ತರದಲ್ಲಿ ಬರೆದದ್ದು ಮಾತ್ರ ಹೀಗೆ: ಸಾತವ್ವ, ಗಂಡ ಅಮೋಘಸಿದ್ಧ, ಮೊದಲನೇ ಹೆರಿಗೆ.

ಈಗ ನಿಜವಾದ ಸಾತವ್ವ ಅದೇ ಬಾಗಿಲಿಗೆ ಹೋಗಿ ಮಕ್ಕಳಾಗಿಲ್ಲ ಎಂದರೆ ಅವನ ನೌಕರಿ ಹೋಗುತ್ತದೆ, ಜನ್ನತಬಿಯ ಗಂಡ ಜೈಲು ಕಾಣಬೇಕಾಗುತ್ತದೆ. ಮಿಲ್ಲು ಬಿಟ್ಟರೆ ಚೀಟಿ ಹೋಗುತ್ತದೆ, ಚೀಟಿಯ ಜೊತೆ ಈ ಕಳವೂ ಮುಚ್ಚಿಹೋಗುತ್ತದೆ ಎಂಬುದು ಅವನ ಎಣಿಕೆ. ಹೆಂಡತಿಗೆ ಮೊದಲೇ ಹೇಳಬಹುದಿತ್ತು. ಆದರೆ ನಿನ್ನ ಹೆಸರಿನಲ್ಲಿ ಇನ್ನೊಬ್ಬಳು ಹಡೆದಳು ಎಂದು, ಬೇರೆ ಯಾರಿಗಾದರೂ ಹೇಳಬಹುದು, ಸಾತವ್ವನಿಗೆ ಹೇಗೆ ಹೇಳುವುದು?

ಸಾತವ್ವನಿಗೆ ಸಿಟ್ಟು ಬಂತು, ಅದರ ಹಿಂದೆಯೇ ಅಳುವೂ ಬಂತು. ಹನ್ನೊಂದು ವರ್ಷದಲ್ಲಿ ಊರಿನ ಯಾವ ಬಸುರಿಯ ಕುಬಸದ ಕಾರ್ಯಕ್ಕೂ ಅವಳನ್ನು ಮನಸ್ಸಿಟ್ಟು ಕರೆದವರಿಲ್ಲ. ಅಂಥವಳು ಸೋಲಾಪುರದ ಒಂದು ದಫ್ತರದಲ್ಲಿ ಬಾಣಂತಿಯಾಗಿ ಕೂತಿದ್ದಳು. "ಹೆಸರ ಕೊಡೂ ಮೊದಲ ನನ್ನ ಒಂದ ಮಾತ ಕೇಳಬೇಕಿತ್ರಿ" ಎಂದಳು. ಕೇಳಿದ್ದರೆ ಬೇಡ ಅನ್ನುತ್ತಿದ್ದಳೋ ಇಲ್ಲವೋ, ಅದು ಅವಳಿಗೂ ಗೊತ್ತಾಗಲಿಲ್ಲ.

ದೂರದಲ್ಲಿ ಗಾಡಿಯ ಹೊಗೆ ಕಾಣಿಸಿತು. ಹಮಾಲರು ನಿಂಬೆಯ ಬುಟ್ಟಿಗಳನ್ನು ಎತ್ತತೊಡಗಿದರು. ಅಮೋಘಸಿದ್ಧ ಬುತ್ತಿಗಂಟಿಗೆ ಕೈ ಚಾಚಿದ. ಸಾತವ್ವ ಗಂಟು ಬಿಡಲಿಲ್ಲ.

"ಗಂಡೋ, ಹೆಣ್ಣೋ?"

"ಹೆಣ್ಣು."

"ಜಡ್ಡಾದ್ರ ಅದನ್ನ ಎಲ್ಲಿ ತೋರಸ್ತಾರ?"

"ಅಲ್ಲೇ, ನಮ್ಮ ಚೀಟಿ ಮ್ಯಾಲ. ಮಗಳಂತ ಬರಸೇನಿ."

ಗಾಡಿ ಬಂದು ನಿಂತಿತು. ಸಾತವ್ವ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು, ತನ್ನ ಪಾಲಿನ ಎರಡು ರೊಟ್ಟಿಯನ್ನೂ ತೆಗೆಯದೆ ಇಡೀ ಗಂಟನ್ನು ಅವನ ಕೈಗೆ ಕೊಟ್ಟಳು.

"ಹಂಗಾದ್ರ ಮಿಲ್ಲ ಬಿಡಬ್ಯಾಡ್ರಿ."